ಬಿಳಿ ಬಟ್ಟೆ ಏರಿಸಿದ ದೋಣಿ

ಮುಕ್ಸಿನ್ ಏದುಸಿರು ಬಿಡುತ್ತ ತೆರ್ನಾತೆ ದ್ವೀಪದ ಬಂದರಿಗೆ ಬಂದಾಗ ಮೋತಿ ದ್ವೀಪಕ್ಕೆ ಹೋಗುವ ದೋಣಿ ತುಂಬಿ ತುಳುಕುತ್ತಿತ್ತು. ಅವನ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಗುಲಾಬಿ ರಿಬ್ಬನ್ ಕಟ್ಟಿದ ಕೇಕಿನ ಡಬ್ಬಿ, ತಲೆಯ ಮೇಲೆ ಆಗಷ್ಟೇ ಮಾಡಿಸಿದ ಕ್ರಾಪು. ತಡವಾಗಿದ್ದೇ ಆ ಕ್ರಾಪಿನಿಂದ. ಕ್ಷೌರದವನು ಒಂದು ಕಡೆ ಹೆಚ್ಚು ಕತ್ತರಿಸಿದ, ಅದಕ್ಕೆ ಸರಿ ಮಾಡಲು ಇನ್ನೊಂದು ಕಡೆ ಕತ್ತರಿಸಿದ, ಎರಡೂ ಕಡೆ ಸಮವಾಗುವಷ್ಟರಲ್ಲಿ ಕೂದಲೂ ಮುಗಿದಿತ್ತು, ಹೊತ್ತೂ ಮುಗಿದಿತ್ತು.

ಅವತ್ತು ದೋಣಿ ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ. ಅವನ ಹುಟ್ಟೂರಾದ ಮೋತಿಯಲ್ಲಿ ಹಾಜಿ ಬಹ್ರುನರ ಮಗಳು ಸಾಮ್ಸಿಯಾಳ ಜೊತೆ ಅವನ ನಿಶ್ಚಿತಾರ್ಥ. ಹುಡುಗ ತಾನೇ ಕಡಲು ದಾಟಿ ಬಂದು, ಇಳಿಹೊತ್ತಿನ ಅಸರ್ ನಮಾಜಿಗೆ ಮೊದಲು ಹುಡುಗಿಯ ಮನೆಯ ಮೆಟ್ಟಿಲು ಹತ್ತಬೇಕು. ಬಾರದಿದ್ದರೆ ಅವಮಾನ ಹುಡುಗಿಯದ್ದು. ಈ ಅವಮಾನವನ್ನು ಮುಕ್ಸಿನ್ ಆಗಲೇ ಎರಡು ಸಲ ಮಾಡಿದ್ದ. ಮೊದಲ ಸಲ ತೆರ್ನಾತೆಯಲ್ಲಿ ಅವನು ಕೆಲಸ ಮಾಡುವ ಬಟ್ಟೆ ಅಂಗಡಿಯ ಧಣಿ ಬಿಡಲಿಲ್ಲ. ಎರಡನೇ ಸಲ ಗೆಳೆಯರ ಜೊತೆ ಡೊಮಿನೊ ಆಡುತ್ತ ಕುಳಿತು, ಇನ್ನೊಂದೇ ಆಟ ಇನ್ನೊಂದೇ ಆಟ ಎನ್ನುತ್ತ ದೋಣಿ ತಪ್ಪಿಸಿಕೊಂಡ. ಅದಾದ ಮೇಲೆ ಹಾಜಿಯವರು ಹೇಳಿ ಕಳಿಸಿದ್ದರು: 'ಮೂರನೇ ಸಲವೂ ಅವನು ಬಾರದಿದ್ದರೆ ಮಾಡಿದ ಅಡಿಗೆಯನ್ನು ಬೇರೆ ಅಳಿಯ ಉಣ್ಣುತ್ತಾನೆ.' ಹಾಜಿಯವರು ಒಮ್ಮೆ ಆಡಿದರೆ ಆಡಿದಂತೆಯೇ.

"ಗನಿಯಣ್ಣಾ! ನಿಲ್ಲಿಸು! ನಾನೊಬ್ಬ ಇದೀನಿ!"

ದೋಣಿಯ ತಾಂಡೇಲ ಗನಿ ಚುಕ್ಕಾಣಿಯ ಹತ್ತಿರ ನಿಂತು ಲವಂಗದ ಸಿಗರೇಟು ಎಳೆಯುತ್ತಿದ್ದ. ಇವನತ್ತ ತಿರುಗಿಯೂ ನೋಡಲಿಲ್ಲ. "ನಾಳೆ ಬಾ."

"ನಿಂತ್ಕೊಂಡೇ ಬರ್ತೀನಿ ಅಣ್ಣ."

"ನಿಂತ್ಕೊಳ್ಳೋಕೆ ಇದೇನು ಮಸೀದಿ ಅಂಗಳವೇನೋ? ಬಂದರಿನ ಸಾಹೇಬ ತಲೆ ಎಣಿಸ್ಕೊಂಡು ಹೋಗಿದಾನೆ. ಒಂದು ತಲೆ ಹೆಚ್ಚಾದ್ರೆ ನನ್ನ ತಲೆ ತೆಗೀತಾನೆ."

"ನಂಗೆ ಇವತ್ತೇ ಹೋಗ್ಬೇಕು."

"ಇಲ್ಲಿ ಕೂತಿರೋರೆಲ್ಲ ಇವತ್ತೇ ಹೋಗೋರು. ನಾಳೆಗೆ ಹೋಗೋರು ಯಾರಾದ್ರೂ ಇವತ್ತು ಬಂದು ಕೂತ್ಕೋತಾರಾ?"

ದೋಣಿಯವರು ನಕ್ಕರು. ಮುಂದಿನ ಹಲಗೆಯ ಮೇಲೆ ಕುಳಿತಿದ್ದ, ಬಾಯಿ ತುಂಬ ಅಡಿಕೆ ಜಗಿಯುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ಕೆಂಪು ಉಗುಳನ್ನು ಸಮುದ್ರಕ್ಕೆ ಉಗಿದು ಕೇಳಿದಳು: "ಏನಪ್ಪಾ, ಅಷ್ಟೊಂದು ಅವಸರ? ಯಾರಾದ್ರೂ ಸತ್ತಿದಾರಾ?"

ಅವಳು ಕೇಳಿದ್ದು ಚುಡಾಯಿಸಲು. ಆದರೆ ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಮುಕ್ಸಿನನ ಬಾಯಲ್ಲಿತ್ತು.

"ಅಮ್ಮ," ಎಂದ.

ನಗು ಅಲ್ಲಿಗೇ ನಿಂತಿತು. ಗನಿ ಸಿಗರೇಟನ್ನು ನೀರಿಗೆ ಎಸೆದ. ಮಾತನ್ನು ಹಿಂತೆಗೆದುಕೊಳ್ಳಲು ಆಗ ಇನ್ನೂ ಒಂದು ಉಸಿರಿನಷ್ಟು ಹೊತ್ತಿತ್ತು. ಮುಕ್ಸಿನ್ ಆ ಉಸಿರನ್ನು ನುಂಗಿಕೊಂಡ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳಿಗೆ ಕಾಲು ಬೇಕಾಗಲೂ ಇಲ್ಲ, ಅದಕ್ಕೆ ದೋಣಿಯೇ ಸಿಕ್ಕಿತು.

"ಯಾರ ಮಗ ನೀನು?" ಹೆಂಗಸಿನ ದನಿ ಮೆತ್ತಗಾಗಿತ್ತು.

ಪಟ್ಟಣದಲ್ಲಿ ಯಾರಾದರೂ ಹೀಗೆ ಕೇಳಿದರೆ ಅವನು 'ಊರಲ್ಲಿ ಲವಂಗದ ಮರಗಳಿವೆ, ಅಮ್ಮ ನೋಡಿಕೊಳ್ತಾಳೆ' ಎಂದು ಮಾತು ಹಾರಿಸುತ್ತಿದ್ದ. ಅಮ್ಮನ ಕೆಲಸ ಹೇಳಲು ಅವನಿಗೆ ನಾಚಿಕೆ. ಹೆಣ ಮುಟ್ಟಿದ ಕೈಯ ಅನ್ನ ಉಂಡವನು ಎಂದು ಅಂಗಡಿಯ ಹುಡುಗಿಯರು ಮೂಗು ಮುಚ್ಚಿಕೊಂಡರೆ? ಆದರೆ ಮೋತಿಯ ದೋಣಿಯಲ್ಲಿ ಲವಂಗದ ಕತೆ ನಡೆಯುವುದಿಲ್ಲ. "ರುಗಾಯಾ," ಎಂದ, "ಮಯ್ಯತ್ತು ಮೀಯಿಸೋ ರುಗಾಯಾ."

ದೋಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ನಿಟ್ಟುಸಿರು ಓಡಿತು. ಗನಿ ತಲೆಯ ಟೋಪಿ ತೆಗೆದು ಎದೆಗೆ ಹಿಡಿದ. ಅವನ ಹೆಂಡತಿಯನ್ನು ಮೀಯಿಸಿ ಕಳಿಸಿದ್ದು ರುಗಾಯಾಳೇ.

ನಡುವಿನ ಹಲಗೆಯಿಂದ ಒಬ್ಬ ಮುದುಕ ಎದ್ದ. ತಿದೋರೆ ದ್ವೀಪದ ಹಾರುನಜ್ಜ. ಮಗಳನ್ನು ಮೋತಿಗೆ ಕೊಟ್ಟಿದ್ದ, ಅವಳ ಚೊಚ್ಚಲ ಕೂಸಿನ ತಲೆಗೂದಲು ತೆಗೆದು ಹೆಸರಿಡುವ ಶಾಸ್ತ್ರಕ್ಕೆ ಹೊರಟಿದ್ದ. ಗಂಟು ಎತ್ತಿಕೊಂಡು, ಜನರ ಮೊಣಕಾಲುಗಳ ನಡುವೆ ದಾರಿ ಮಾಡಿಕೊಂಡು ಹಲಗೆಯ ಮೇಲೆ ನಡೆದು ದಡಕ್ಕಿಳಿದ.

"ನನ್ನ ಜಾಗದಲ್ಲಿ ಕೂತ್ಕೋ ಮಗಾ."

"ಬೇಡ ಅಜ್ಜ, ನಿಮ್ಮದು..." ಮುಕ್ಸಿನ್ ತೊದಲಿದ. ಆ 'ಬೇಡ' ಮಾತ್ರ ಅವನ ಹೊಟ್ಟೆಯೊಳಗಿಂದಲೇ ಬಂದದ್ದು. ಯಾರೋ ಪುಂಡ ಯುವಕ ಬೈದುಕೊಂಡು ಇಳಿದಿದ್ದರೆ ಅವನಿಗೆ ಹಾಯೆನಿಸುತ್ತಿತ್ತು.

"ನಂದು ಸಂತೋಷದ ಕೆಲಸ. ಕೂಸಿನ ಕೂದಲು ನಾಳೆಯೂ ತಲೆ ಮೇಲೇ ಇರುತ್ತೆ. ಮಣ್ಣು ಕಾಯಲ್ಲ." ಅಜ್ಜ ಗಂಟು ಬಿಚ್ಚಿ ಹೊಸ ಬಿಳಿ ಬಟ್ಟೆಯೊಂದನ್ನು ಹೊರತೆಗೆದ. ಕೂಸಿಗೆ ಹೊದಿಸಲು ತಂದದ್ದು, ಮಡಿಕೆ ಇನ್ನೂ ಮುರಿದಿರಲಿಲ್ಲ. "ಗನೀ, ಕಂಬಕ್ಕೆ ಏರಿಸೋಕೆ ಬಿಳಿ ಬಟ್ಟೆ ಇದೆಯೇನೋ?"

"ಇಲ್ಲ ಅಜ್ಜ."

"ತಗೋ ಹಾಗಾದ್ರೆ. ನನ್ನಮ್ಮ ಹೋದಾಗ ನಾನು ಹಾಲ್ಮಹೆರಾ ದ್ವೀಪದ ಕಾಡಲ್ಲಿದ್ದೆ. ನನಗೋಸ್ಕರ ಯಾವ ದೋಣಿಯೂ ಬಟ್ಟೆ ಏರಿಸಲಿಲ್ಲ. ನಾನು ಬರೋ ಹೊತ್ತಿಗೆ ಗೋರಿ ಮೇಲೆ ಹುಲ್ಲು ಬಂದಿತ್ತು."

ಆ ದ್ವೀಪಗಳಲ್ಲಿ ಇದೊಂದು ಪದ್ಧತಿ. ಸಾವಿನ ಕೆಲಸಕ್ಕೆ ಹೊರಟ ದೋಣಿ ಕಂಬದ ಮೇಲೆ ಬಿಳಿ ಬಟ್ಟೆ ಏರಿಸುತ್ತದೆ. ಅದನ್ನು ಕಂಡರೆ ಕಡಲಲ್ಲಿ ಎಲ್ಲರೂ ದಾರಿ ಬಿಡಬೇಕು, ದಡದಲ್ಲಿ ಎಲ್ಲರೂ ಕಾಯಬೇಕು. ಮೊಬೈಲ್ ಫೋನು ಆ ಕಡೆಗೆ ಇನ್ನೂ ಕಾಲಿಡದ ಕಾಲ. ಬಟ್ಟೆಯೇ ಸುದ್ದಿ.

"ಬಟ್ಟೆ ಬೇಡ ಗನಿಯಣ್ಣ," ಎಂದ ಮುಕ್ಸಿನ್. "ಸುಮ್ನೆ ಹೋಗೋಣ."

"ನಿಮ್ಮಮ್ಮನಿಗೆ ಏರಿಸದೆ ಇನ್ಯಾರಿಗೆ ಏರಿಸಲೋ?" ಗನಿ ಅವನ ಹೆಗಲು ತಟ್ಟಿ ಕೇಕಿನ ಡಬ್ಬಿಯನ್ನು ತಾನೇ ಕೈಗೆತ್ತಿಕೊಂಡ. "ಇದೇನು?"

"ಅದು... ಊರಿಗೆ ತಗೊಂಡು ಹೋಗು ಅಂತ ಯಾರೋ ಕೊಟ್ಟಿದ್ದು."

"ನೋಡ್ರಪ್ಪಾ!" ಅಡಿಕೆಯ ಹೆಂಗಸು ಕಣ್ಣೊರೆಸಿಕೊಂಡಳು. ಅವಳ ಹೆಸರು ಹವಾ, ಮೋತಿಯ ಆಚೆ ಬದಿಯ ಊರಿನವಳು. "ತಾಯಿ ಸತ್ತಿರೋವಾಗ್ಲೂ ಬೇರೆಯವರು ಕೊಟ್ಟ ಸಾಮಾನು ಬಿಟ್ಟು ಬರಲಿಲ್ಲ ಈ ಮಗ. ರುಗಾಯಕ್ಕನ ಹೊಟ್ಟೇಲಿ ಹುಟ್ಟಿದ್ದು ಸಾರ್ಥಕ."

ದೋಣಿ ಹೊರಟಿತು. ಹಾರುನಜ್ಜ ದಡದಲ್ಲಿ ಎರಡೂ ಕೈ ಎತ್ತಿ ದುವಾ ಮಾಡುತ್ತ ನಿಂತಿದ್ದ. ಅವನ ಹಿಂದೆ ಜ್ವಾಲಾಮುಖಿ ಬೆಟ್ಟದ ನೆತ್ತಿಯಿಂದ ಎಂದಿನಂತೆ ತೆಳ್ಳಗೆ ಹೊಗೆ ಏಳುತ್ತಿತ್ತು. ಮುಕ್ಸಿನ್ ಅತ್ತ ನೋಡದೆ ಅಜ್ಜನ ಜಾಗದಲ್ಲಿ ಕುಳಿತ. ಹಲಗೆ ಇನ್ನೂ ಬೆಚ್ಚಗಿತ್ತು.

ಜನ ಅವನಿಗೆ ಆತುಕೊಳ್ಳಲು ಮೂಟೆ ಕೊಟ್ಟರು. ಯಾರೋ ಲುಂಗಿ ಹೊದಿಸಿದರು. ಯಾರೋ ಹೊಗೆಯಲ್ಲಿ ಸುಟ್ಟ ಮೀನನ್ನೂ ಸಾಗು ಮರದ ಹಿಟ್ಟಿನ ರೊಟ್ಟಿಯನ್ನೂ ಮುಂದಿಟ್ಟರು. ಬೆಳಗಿನಿಂದ ಏನೂ ತಿನ್ನದ ಅವನ ಹೊಟ್ಟೆ ಗುರ್ ಎಂದಿತು. ಮೀನಿನ ಕಡೆ ಕೈ ಚಾಚಿದವನು ಸತ್ತವರ ಮಗ ಹೀಗೆ ತಿನ್ನಬಹುದೇ ಎಂಬ ಯೋಚನೆ ಬಂದು ಕೈ ಹಿಂದಕ್ಕೆಳೆದುಕೊಂಡ.

"ತಿನ್ನು ಮಗಾ, ಅಳೋಕೂ ಶಕ್ತಿ ಬೇಕು," ಎಂದಳು ಹವಾ. "ಏನಾಗಿತ್ತು ಅಕ್ಕನಿಗೆ?"

"ಜ್ವರ."

"ಯಾರು ಸುದ್ದಿ ತಂದಿದ್ದು?"

ಒಂದು ಸುಳ್ಳನ್ನು ಸಾಕಲು ಇನ್ನೊಂದನ್ನು ಕೊಯ್ದು ಹಾಕಬೇಕು. ಮುಕ್ಸಿನನಿಗೆ ಬಾಯಿಗೆ ಬಂದದ್ದು ತಾಹೆರನ ಹೆಸರು. ತಾಹೆರ್ ಅವನ ನೆರೆಮನೆಯವನು, ಮೀನುಗಾರ, ಮೀನು ಮಾರಲು ಆಗಾಗ ತೆರ್ನಾತೆಗೆ ಬರುತ್ತಿದ್ದವನು. "ತಾಹೆರ್ ಹೇಳಿದ. ಬೆಳಿಗ್ಗೆ ಮಾರ್ಕೆಟ್ಟಲ್ಲಿ ಸಿಕ್ಕಿದ್ದ."

ಕಣ್ಣಲ್ಲಿ ನೀರಿಲ್ಲವಲ್ಲ ಎಂದು ಅವನಿಗೇ ಭಯವಾಯಿತು. ದೋಣಿಯ ಅಂಚಿನಿಂದ ಸಮುದ್ರದ ನೀರನ್ನು ಬೊಗಸೆಯಲ್ಲಿ ಹಿಡಿದು ಮುಖಕ್ಕೆ ಚಿಮುಕಿಸಿಕೊಂಡ. ಉಪ್ಪು ನೀರು ಹೋಗಿ ಕಣ್ಣು ಕೆಂಪಾಯಿತು. ಅದನ್ನು ನೋಡಿ ಎದುರಿಗೆ ಕುಳಿತ ಗಂಡಸೊಬ್ಬ ನಿಜವಾಗಿ ಅತ್ತ.

ತಿದೋರೆಯ ಬೆಟ್ಟ ದಾಟಿತು, ಮಡಕೆ ಮಾಡುವವರ ಪುಟ್ಟ ಮಾರೆ ದ್ವೀಪ ದಾಟಿತು. ಅಲ್ಲಿ ಮೀನು ಹಿಡಿಯುತ್ತಿದ್ದ ದೋಣಿಗಳವರು ಕಂಬದ ಬಿಳಿ ಬಟ್ಟೆ ಕಂಡು ಎಂಜಿನ್ ನಿಲ್ಲಿಸಿದರು. ಮೀನಿನ ಗುಂಪು ಅವರ ಮುಂದೆಯೇ ಕುದಿಯುವ ನೀರಿನಂತೆ ಚಿಮ್ಮುತ್ತಿತ್ತು. ಆದರೂ ಗಾಳ ಮೇಲೆತ್ತಿ, ತಲೆ ತಗ್ಗಿಸಿ ನಿಂತರು. ಅವರ ಅವತ್ತಿನ ಅನ್ನ ಕಣ್ಣೆದುರೇ ಆಳಕ್ಕೆ ಇಳಿದು ಹೋಯಿತು. ಮುಕ್ಸಿನ್ ಕಣ್ಣು ಮುಚ್ಚಿಕೊಂಡ. ದುಃಖದಿಂದ ಮುಚ್ಚಿಕೊಂಡ ಎಂದೇ ದೋಣಿಯವರು ತಿಳಿದರು.

"ನಿಮ್ಮಮ್ಮನ ವಿಷಯ ನಿಂಗೇ ಗೊತ್ತಿರಲಿಕ್ಕಿಲ್ಲ," ಹವಾ ಮೆಲ್ಲಗೆ ಶುರು ಮಾಡಿದಳು. "ನನ್ನ ಮಗಳು ಹೆರಿಗೆಯಲ್ಲಿ ಹೋದಳು. ಮೀಯಿಸೋಕೆ ಬಂದ ನಿಮ್ಮಮ್ಮ ಮೊದಲು ಕೇಳಿದ್ದೇನು ಗೊತ್ತಾ? 'ಹುಡುಗಿಗೆ ತಣ್ಣೀರು ಆಗ್ತಿತ್ತಾ?' ಅಂತ. ಇಲ್ಲಕ್ಕಾ, ಚಿಕ್ಕಂದಿನಿಂದ್ಲೂ ಚಳಿ ಅಂದ್ರೆ ಅವಳಿಗೆ ಆಗಲ್ಲ ಅಂದೆ. ಒಲೆ ಹಚ್ಚಿಸಿ ನೀರು ಬೆಚ್ಚಗೆ ಮಾಡಿಸಿದರು. ಹೆಣಕ್ಕೆ ಬಿಸಿನೀರು ಯಾಕೆ ಅಂತ ಯಾರೋ ಅಂದ್ರು. 'ಅವಳಮ್ಮ ಹೇಳಿದಾಳಲ್ಲ, ಸಾಕು' ಅಂದ್ರು. ಕೂಸನ್ನ ಮೀಯಿಸೋ ಹಾಗೆ ಕಿವಿಗೆ ನೀರು ಹೋಗದ ಹಾಗೆ ಕೈ ಅಡ್ಡ ಹಿಡಿದು ಮೀಯಿಸಿದರು ಕಣಪ್ಪಾ."

ಮುಕ್ಸಿನನಿಗೆ ಇದು ಗೊತ್ತಿರಲಿಲ್ಲ. ಅಮ್ಮ ಕೆಲಸ ಮುಗಿಸಿ ಬಂದು ಹಿತ್ತಲಲ್ಲಿ ಮೊಳಕೈವರೆಗೆ ನಿಂಬೆಹಣ್ಣು ತಿಕ್ಕಿಕೊಳ್ಳುವುದನ್ನು ಮಾತ್ರ ಅವನು ನೋಡಿದ್ದ. ಆಗೆಲ್ಲ ಅವಳು ಬಡಿಸಿದ ತಟ್ಟೆಯನ್ನು ಸ್ವಲ್ಪ ದೂರ ಸರಿಸಿಕೊಂಡು ಉಣ್ಣುತ್ತಿದ್ದ.

"ಈಗ ರುಗಾಯಕ್ಕನ್ನ ಮೀಯಿಸೋರು ಯಾರು?" ಹಿಂದಿನಿಂದ ಒಬ್ಬಳು ಕೇಳಿದಳು. ಯಾರೂ ಅದನ್ನು ಯೋಚಿಸಿರಲಿಲ್ಲ. ಹೆಂಗಸರಲ್ಲಿ ಅದೇ ಮಾತಾಯಿತು. ಒಬ್ಬಳು ತನಗೆ ಸ್ವಲ್ಪ ಬರುತ್ತದೆ ಎಂದಳು, ಒಬ್ಬಳು ತಾನು ನೀರು ಹೊರುತ್ತೇನೆ ಎಂದಳು. ಕೊನೆಗೆ ಹವಾ, "ನಾನೇ ಮೀಯಿಸ್ತೀನಿ. ಅವರು ನನ್ನ ಮಗಳಿಗೆ ಮಾಡಿದ ಹಾಗೇ ಮಾಡ್ತೀನಿ," ಎಂದು ತೀರ್ಮಾನ ಹೇಳಿ ಮುಕ್ಸಿನನತ್ತ ತಿರುಗಿದಳು. "ಹೇಳು ಮಗಾ. ನಿಮ್ಮಮ್ಮನಿಗೆ ಬಿಸಿನೀರೋ, ತಣ್ಣೀರೋ?"

ಮುಕ್ಸಿನ್ ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ. ಅಮ್ಮ ಯಾವ ನೀರಲ್ಲಿ ಮೀಯುತ್ತಾಳೆ ಎಂದು ಅವನು ಎಂದೂ ನೋಡಿರಲಿಲ್ಲ. ನಾಚಿಕೆ ಅವನ ಕಾಲಬೆರಳಿನಿಂದ ಏರಿ ಕಿವಿಯವರೆಗೆ ಬಂತು. ಸತ್ಯ ಹೇಳಿಬಿಡಬೇಕು ಎನ್ನಿಸಿದ್ದು ಆಗಲೇ. ಆದರೆ ಸುತ್ತ ಅಷ್ಟು ಒದ್ದೆ ಕಣ್ಣುಗಳಿದ್ದವು, ಒಂದನ್ನಾದರೂ ಎದುರಿಸುವ ಎದೆ ಅವನಿಗಿರಲಿಲ್ಲ.

ಅದರ ಬದಲು ಒಂದು ಉಪಾಯ ಹೂಡಿದ. ಊರಿಗೆ ಹೋದ ಮೇಲೆ ಅಮ್ಮನನ್ನು ಕಂಡು ಬೆಚ್ಚಿಬಿದ್ದವನಂತೆ ಮಾಡುವುದು. 'ಸುದ್ದಿ ಸುಳ್ಳಂತೆ, ದೇವರು ದೊಡ್ಡವನು!' ಎಂದು ಅಪ್ಪಿಕೊಂಡುಬಿಡುವುದು. ಎಲ್ಲರಿಗೂ ಸಂತೋಷವಾಗುತ್ತದೆ, ಹಾಜಿಯವರ ಮೆಟ್ಟಿಲನ್ನೂ ಹತ್ತಬಹುದು. ಯೋಚಿಸಿದಷ್ಟೂ ಅದು ಚೆನ್ನಾಗಿಯೇ ಕಂಡಿತು. ತಾಹೆರನ ಹೆಸರು ಹೇಳಿದ್ದು ಮಾತ್ರ ಆ ಹೊತ್ತಿಗೆ ಅವನಿಗೆ ಮರೆತೇ ಹೋಗಿತ್ತು.

ಮೋತಿಯ ದಡದಿಂದ ತಮಟೆಯ ಸದ್ದು ತೇಲಿ ಬಂತು. ಹಾಜಿಯವರ ಮನೆಯ ಮುಂದೆ ಅವನಿಗಾಗಿಯೇ ಬಾರಿಸುತ್ತಿದ್ದ ತಮಟೆ. ತೆಂಗಿನ ಗರಿಯ ಚಪ್ಪರವೂ ಬಣ್ಣದ ಬಟ್ಟೆಗಳೂ ಕಂಡವು. ದೋಣಿ ತಿರುವು ದಾಟಿ ಕಂಬ ಊರಿನ ಕಣ್ಣಿಗೆ ಬೀಳುತ್ತಲೇ ತಮಟೆ ನಿಂತಿತು. ನಿಧಾನವಾಗಿ ಅಲ್ಲ, ಕತ್ತರಿಸಿದ ಹಾಗೆ. ನೋಡನೋಡುತ್ತಿದ್ದಂತೆ ಚಪ್ಪರದ ಬಣ್ಣದ ಬಟ್ಟೆಗಳು ಒಂದೊಂದಾಗಿ ಇಳಿದವು. ಸಾವು ಕಡಲಿನಿಂದ ಬಂದ ದಿನ ಊರಿನಲ್ಲಿ ಶುಭಕಾರ್ಯ ನಡೆಯುವುದಿಲ್ಲ. ಇದು ಮುಕ್ಸಿನನಿಗೆ ಗೊತ್ತಿಲ್ಲದ ವಿಷಯವೇನಲ್ಲ, ಹುಟ್ಟಿದಾಗಿನಿಂದ ಕಂಡದ್ದೇ. ಅವಸರದಲ್ಲಿ ಅದನ್ನೂ ಮರೆತಿದ್ದ. ಯಾವ ಮೆಟ್ಟಿಲಿಗಾಗಿ ಅಮ್ಮನನ್ನು ಕೊಂದನೋ ಆ ಮೆಟ್ಟಿಲಿನ ಅಲಂಕಾರವನ್ನು ಅವನ ಕಣ್ಣೆದುರೇ ಬಿಚ್ಚುತ್ತಿದ್ದರು.

ಊರಿನಲ್ಲಿ ಯಾರೂ ಸತ್ತಿರಲಿಲ್ಲವಾದ್ದರಿಂದ ದೋಣಿಯಲ್ಲೇ ಹೆಣ ಬರುತ್ತಿದೆ ಎಂದು ಊರವರು ತಿಳಿದರು. ತೆರ್ನಾತೆಯ ಆಸ್ಪತ್ರೆಯಲ್ಲೋ ಮನೆಯಲ್ಲೋ ತಮ್ಮವರು ಇದ್ದವರೆಲ್ಲ ಓಡಿ ಬಂದರು. ಗಂಡಸರು ಗುದ್ದಲಿ ಹಿಡಿದು ಬಂದರು. ಗುಂಪನ್ನು ಬಿಡಿಸಿಕೊಂಡು, ಎಲ್ಲರಿಗಿಂತ ಮುಂದೆ, ಸೊಂಟದ ಮೇಲೆ ಹಿತ್ತಾಳೆಯ ಕೊಡ ಇಟ್ಟುಕೊಂಡು, ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ರುಗಾಯಾ ಬಂದಳು.

ಅವಳನ್ನು ಮೊದಲು ಕಂಡದ್ದು ಹವಾ. ಅಡಿಕೆ ಬಾಯಲ್ಲೇ ನಿಂತಿತು. "ಯಾ ಅಲ್ಲಾ," ಎಂದು ಎದೆ ಹಿಡಿದುಕೊಂಡಳು.

ರುಗಾಯಾ ಹವಾಳನ್ನು ನೋಡಲಿಲ್ಲ. ಬಿಳಿ ಬಟ್ಟೆಯ ಕಂಬದ ಕೆಳಗೆ ಅವಳಿಗೆ ಕಂಡದ್ದು ಮಗ. ಮಗ ಈ ದೋಣಿಯಲ್ಲಿ ಬಂದಿದ್ದಾನೆಂದರೆ ಸಾವು ತನ್ನ ಮನೆಯದ್ದೇ. ತೆರ್ನಾತೆಯಲ್ಲಿ ಅವಳ ಹಿರಿಯ ಮಗಳು ಸಲ್ಮಾ ದಿನ ತುಂಬಿದ ಬಸುರಿ. ಕೊಡ ಸೊಂಟದಿಂದ ಜಾರಿ ಕಲ್ಲಿನ ಮೇಲೆ ಉರುಳಿತು.

"ಸಲ್ಮಾನಾ?" ಎಂದಳು. ಮಗ ಉತ್ತರಿಸಲಿಲ್ಲ. "ಮುಕ್ಸಿನ್, ಬಾಯಿ ಬಿಡೋ! ನನ್ನ ಸಲ್ಮಾನಾ? ಕೂಸಾದ್ರೂ ಉಳೀತಾ?"

ಉಪಾಯ, ಅಪ್ಪುಗೆ, ದೇವರು ದೊಡ್ಡವನು, ಎಲ್ಲ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಅಮ್ಮನ ಮುಖ ಅಷ್ಟು ಮುದಿಯಾದದ್ದನ್ನು ಅವನು ಎಂದೂ ಕಂಡಿರಲಿಲ್ಲ. "ಸಲ್ಮಾ ಚೆನ್ನಾಗಿದಾಳೆ," ಎಂದಷ್ಟೇ ಉಸುರಿದ.

"ಮತ್ತೆ ಯಾರು?"

ಉತ್ತರ ಕೊಟ್ಟವನು ಗನಿ. "ನೀವೇ ಅಂದ ರುಗಾಯಕ್ಕ. ನೀವೇ ಹೋದ್ರಿ ಅಂದ."

ಹವಾ ಅಷ್ಟರಲ್ಲಿ ದೋಣಿಯಿಂದ ಹಾರಿ ರುಗಾಯಾಳನ್ನು ಅಪ್ಪಿಕೊಂಡು ಅಳುತ್ತ ನಗುತ್ತಿದ್ದಳು. "ಯಾರೋ ಪಾಪಿ ಈ ಮಗೂಗೆ ಸುಳ್ಳು ಸುದ್ದಿ ಕೊಟ್ಟಿದಾನೆ ಅಕ್ಕಾ! ದಾರಿಯುದ್ದಕ್ಕೂ ಒಂದು ತುತ್ತು ಮುಟ್ಟಲಿಲ್ಲ ನಿಮ್ಮ ಮಗ! ಯಾರು ಅವನು, ತಾಹೆರ್ ಅಂತೆ!"

ತಾಹೆರ್ ದಡದಲ್ಲೇ ಇದ್ದ. ದೋಣಿಯ ಹಗ್ಗ ಹಿಡಿದು ಗೂಟಕ್ಕೆ ಸುತ್ತುತ್ತಿದ್ದವನೇ ಅವನು.

"ನಾನಾ?" ಎಂದು ತಲೆ ಎತ್ತಿದ. "ನಾನು ಈ ವಾರ ತೆರ್ನಾತೆ ಕಡೆ ತಲೆ ಹಾಕಿಲ್ಲ ಮಾರಾಯ್ರೇ!"

ಯಾರೂ ಅವನ ಮಾತು ಕೇಳಲಿಲ್ಲ. ದಾರಿಯುದ್ದಕ್ಕೂ ಅತ್ತವರ ಅಳುವೆಲ್ಲ ಸಿಟ್ಟಾಗಿ ತಿರುಗಿತ್ತು. ಗನಿ ಒಂದೇ ನೆಗೆತಕ್ಕೆ ಇಳಿದು ತಾಹೆರನ ಕೊರಳಪಟ್ಟಿ ಹಿಡಿದು ಕೆನ್ನೆಗೆ ಬಿಟ್ಟ. "ಸಾವಿನ ಮೇಲೆ ಆಟ ಆಡ್ತೀಯೇನೋ?" ಇನ್ನೊಂದು ಏಟು ಬಿತ್ತು. ತಾಹೆರ್ ಹೊಡೆದವನನ್ನು ನೋಡಲಿಲ್ಲ. ದೋಣಿಯ ಮೇಲೆ ನಿಂತ ಮುಕ್ಸಿನನನ್ನು ನೋಡಿದ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಮರದ ಮಾವು ಕದ್ದವರು. 'ಹೇಳೋ, ನಾನಲ್ಲ ಅಂತ ಹೇಳೋ' ಎಂದು ಆ ಕಣ್ಣು ಕೇಳುತ್ತಿತ್ತು.

ಮುಕ್ಸಿನ್ ಹೇಳಲಿಲ್ಲ. ಎರಡನೇ ಏಟಿಗೂ ಹೇಳಲಿಲ್ಲ. ಆಮೇಲೆ ಬಹಳ ವರ್ಷ ಅವನನ್ನು ಸುಟ್ಟದ್ದು ಸುಳ್ಳು ಹೇಳಿದ್ದಲ್ಲ, ಈ ಸುಮ್ಮನಿದ್ದದ್ದು.

ರುಗಾಯಾ ಮಗನ ಮುಖವನ್ನು ನೋಡಿದಳು. ಹೊಸ ಕ್ರಾಪು ನೋಡಿದಳು, ಗುಲಾಬಿ ರಿಬ್ಬನ್ನಿನ ಡಬ್ಬಿ ನೋಡಿದಳು. ಹವಾಳ ಕೈ ಬಿಡಿಸಿಕೊಂಡು ಗನಿಯ ಎತ್ತಿದ ಕೈಯನ್ನು ಹಿಡಿದಳು.

"ಅವನನ್ನ ಬಿಡಪ್ಪಾ ಗನಿ. ಸುಳ್ಳು ಹೇಳಿದ್ದು ನನ್ನ ಮಗ."

ಗನಿ ತಾಹೆರನ ಕೊರಳಪಟ್ಟಿ ಬಿಟ್ಟ. ನೆಲ ಬಿರಿದು ನುಂಗಬಾರದೇ ಎಂದು ಜನ ಅನ್ನುತ್ತಾರಲ್ಲ, ಮುಕ್ಸಿನನ ಕಾಲಡಿ ನೆಲವೂ ಇರಲಿಲ್ಲ, ಅಲುಗುವ ದೋಣಿಯಿತ್ತು. ಹವಾ ಮತ್ತೆ ದೋಣಿ ಹತ್ತಿ ಅವನನ್ನು ಮೇಲಿನಿಂದ ಕೆಳಗೆ ನೋಡಿ, ದಾರಿಯಲ್ಲಿ ಅವನಿಗೆ ಹೊದಿಸಿದ್ದ ಲುಂಗಿಯನ್ನು ಹೆಗಲಿನಿಂದ ಎಳೆದುಕೊಂಡು ಅದರ ಒಡತಿಗೆ ಕೊಟ್ಟಳು. ಬೈದಿದ್ದರೂ ಚೆನ್ನಾಗಿತ್ತು.

ಶುಭ್ರವಾದ ನಿಲುವಂಗಿ ತೊಟ್ಟು ಅಳಿಯನಿಗಾಗಿ ಕಾದಿದ್ದ ಹಾಜಿ ಬಹ್ರುನ್ ಗುಂಪಿನಿಂದ ಮುಂದೆ ಬಂದರು. ದನಿ ಏರಿಸುವ ಮನುಷ್ಯ ಅವರಲ್ಲ.

"ದೋಣಿಯಲ್ಲೊಂದು ಜಾಗಕ್ಕೆ ತಾಯಿನ ಕೊಂದವನು, ನಾಳೆ ಯಾವುದಕ್ಕೆ ನನ್ನ ಮಗಳನ್ನ ಕೊಲ್ತಾನೋ," ಎಂದರು. ರುಗಾಯಾಳಿಗೆ ಮಾತ್ರ ತಲೆ ಬಾಗಿಸಿ, "ಅಕ್ಕಾ, ನೀವು ಬದುಕಿದ್ದು ನಮ್ಮ ಪುಣ್ಯ. ಆದ್ರೆ ಈ ಸಂಬಂಧ ಇಲ್ಲಿಗೆ ಮುಗೀತು," ಎಂದು ತಿರುಗಿ ನಡೆದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮುಕ್ಸಿನನ ಮಾನ ಒಂದು ಮೊಳ ಹಲಗೆಗೆ ಹೋಯಿತು.

ಯಾರ ಮನೆಯ ಸಾವೆಂದು ತಿಳಿಯುವ ಮೊದಲೇ ನೆರೆಹೊರೆಯವರು ಸಾವಿನ ಮನೆಗೆಂದು ಅಕ್ಕಿ, ತೆಂಗಿನಕಾಯಿ, ಮೀನು ತಂದು, ಹೆಣ ಮೀಯಿಸುವವಳೆಂದು ರುಗಾಯಾಳ ಜಗುಲಿಯಲ್ಲಿ ಇಟ್ಟಿದ್ದರು. ವಾಪಸು ಒಯ್ಯುವಂತಿಲ್ಲ. ಅವಳು ಒಲೆ ಹಚ್ಚಿ ಎಲ್ಲವನ್ನೂ ಬೇಯಿಸಿ, ಗುದ್ದಲಿ ಹಿಡಿದು ಬಂದಿದ್ದವರನ್ನೂ ದೋಣಿಯವರನ್ನೂ ಕರೆದು ಕೂರಿಸಿದಳು. ತಾಹೆರನಿಗೆ ಮೊದಲು ಬಡಿಸಿದಳು. "ಉಣ್ಣಿ, ಉಣ್ಣಿ. ತನ್ನ ಸಾವಿನ ಊಟ ತಾನೇ ಬಡಿಸೋ ಭಾಗ್ಯ ಎಷ್ಟು ಜನಕ್ಕಿದೆ?" ಎಂದಳು. ಒಬ್ಬಿಬ್ಬರು ನಕ್ಕರು. ಕೇಕನ್ನೂ ಕತ್ತರಿಸಿ ಹಂಚಿದಳು. ಮುಕ್ಸಿನ್ ಹಿತ್ತಲ ಬಾಗಿಲಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ.

ಎಲ್ಲರೂ ಹೋದ ಮೇಲೆ ಅಮ್ಮ ಬಂದು ಪಕ್ಕದಲ್ಲಿ ಕುಳಿತಳು.

"ಏನಾಗಿ ಸತ್ತೆ ಅಂದೆ?"

"...ಜ್ವರ."

"ಜ್ವರಕ್ಕೆಲ್ಲ ಸಾಯೋಳಾ ನಾನು?" ಎಂದಳು. ನಗಲು ನೋಡಿದಳು, ಆಗಲಿಲ್ಲ. "ನೀನು ಸುಳ್ಳು ಹೇಳಿದ್ದು ನಂಗೆ ನೋವಾಗಲಿಲ್ಲ ಮುಕ್ಸಿನ್. ದಡದಲ್ಲಿ ಸಲ್ಮಾನಾ ಅಂತ ಕೇಳಿದೆ ನೋಡು, ಆವಾಗ ನೀನು ಸುಮ್ನೆ ನಿಂತೆ. ಅಷ್ಟು ಹೊತ್ತೂ ನನ್ನ ಮಗಳು ಸತ್ತೇ ಇದ್ಲು."

ಅವನು ಅಮ್ಮನ ಕಾಲು ಹಿಡಿಯಲು ಬಾಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡು ಎದ್ದಳು. ದೋಣಿಯ ಕಂಬದಿಂದ ಗನಿ ಇಳಿಸಿಕೊಟ್ಟಿದ್ದ ಬಿಳಿ ಬಟ್ಟೆ ಮೂಲೆಯಲ್ಲಿತ್ತು. ಯಾರದ್ದೆಂದು ಆಗಲೇ ಕೇಳಿ ತಿಳಿದಿದ್ದಳು. ಒಳಗಿನ ಮರದ ಪೆಟ್ಟಿಗೆ ತೆರೆದು, ತಳದಿಂದ ಇನ್ನೊಂದು ಬಿಳಿ ಬಟ್ಟೆ ತೆಗೆದಳು. ಮೆಕ್ಕಾಕ್ಕೆ ಹೋದವರ ಕೈಯಲ್ಲಿ ತರಿಸಿ, ಅಲ್ಲಿನ ಪವಿತ್ರ ಜಮ್‌ಜಮ್ ನೀರಲ್ಲಿ ಅದ್ದಿ ಒಣಗಿಸಿ, ಲವಂಗ ಹಾಕಿ ಬಹುಕಾಲದಿಂದ ತನ್ನ ಹೆಣಕ್ಕೆ ಹೊದಿಸಲೆಂದೇ ಇಟ್ಟುಕೊಂಡಿದ್ದ ಕಫನ್ ಬಟ್ಟೆ ಅದು.

"ಇದನ್ನ ಆ ಅಜ್ಜನಿಗೆ ಕೊಡು, ಮೊಮ್ಮಗೂಗೆ ಹೊದಿಸಲಿ. ಸಾವಿಗೆ ಏರಿದ ಬಟ್ಟೆ ಕೂಸಿನ ಮೈಗೆ ಆಗಿಬರಲ್ಲ. ಇದು ಎಲ್ಲೂ ಏರಿಲ್ಲ, ಶುದ್ಧ ಇದೆ."

"ಮತ್ತೆ ನಿಂಗೆ?"

ಅವಳು ಹಾರುನಜ್ಜನ ಬಟ್ಟೆಯನ್ನು ಕೊಡವಿ, ಅಂಚಿಗೆ ಅಂಚು ಸೇರಿಸಿ ಮಡಚಿ ಪೆಟ್ಟಿಗೆಯಲ್ಲಿಟ್ಟಳು. "ನಂಗೆ ಇದು. ನನ್ನ ಹೆಸರಲ್ಲಿ ಏರಿದ್ದಲ್ವಾ? ನನ್ನ ಮಗ ಏರಿಸಿದ್ದು," ಎಂದು ಮುಚ್ಚಳ ಹಾಕಿದಳು.

ಬೆಳಿಗ್ಗೆ ಅದೇ ದೋಣಿಯಲ್ಲಿ ಮುಕ್ಸಿನ್ ಹಿಂದಿರುಗಿದ. ದೋಣಿ ಅರ್ಧ ಖಾಲಿಯಿತ್ತು, ಆದರೂ ಅವನು ಕುಳಿತ ಹಲಗೆಯ ಮೇಲೆ ಯಾರೂ ಕೂರಲಿಲ್ಲ. ಗನಿ ಅವನನ್ನು ಕಂಡೂ ಕಾಣದಂತಿದ್ದ. ಕಡಲಲ್ಲಿ ಮೀನುಗಾರರು ಎಂದಿನಂತೆ ಕೈ ಬೀಸಿ ಕೂಗಿದರು. ಮಡಿಲಲ್ಲಿದ್ದ ಬಟ್ಟೆಯಿಂದ ಲವಂಗದ ವಾಸನೆ ಬರುತ್ತಿತ್ತು.

ತೆರ್ನಾತೆಯ ಬಂದರಿನ ಮೆಟ್ಟಿಲ ಮೇಲೆ ಗಂಟು ಹಿಡಿದು ಹಾರುನಜ್ಜ ಕಾಯುತ್ತಿದ್ದ. ಇವನನ್ನು ಕಂಡವನೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ.

"ಮಣ್ಣಿಗೆ ಮೊದಲು ಮುಟ್ಟಿದೆಯಾ ಮಗಾ? ಮುಖ ನೋಡೋಕೆ ಸಿಕ್ತಾ?"

ಸಿಕ್ಕಿತು ಎಂದರೆ ಮುಗಿಯುತ್ತಿತ್ತು. ಅಜ್ಜ ದೋಣಿ ಹತ್ತಿ ಹೋಗುತ್ತಿದ್ದ, ಮುಂದಿನದ್ದನ್ನು ದಾರಿಯಲ್ಲಿ ಗನಿ ಹೇಳಿಕೊಳ್ಳುತ್ತಿದ್ದ. ಈ ಸಲ ಅಮ್ಮ ಪಕ್ಕದಲ್ಲಿರಲಿಲ್ಲ, ಅವನಿಗಾಗಿ ಬಾಯಿ ಬಿಡಲು ಯಾರೂ ಇರಲಿಲ್ಲ.

"ಅಜ್ಜಾ, ನನ್ನಮ್ಮ ಸತ್ತಿರಲಿಲ್ಲ. ನಿಮ್ಮ ಜಾಗಕ್ಕೋಸ್ಕರ ಸುಳ್ಳು ಹೇಳಿದೆ. ನನ್ನ ನಿಶ್ಚಿತಾರ್ಥ ಇತ್ತು."

ಅಜ್ಜನ ಕೈ ಸಡಿಲವಾಯಿತು. ಮುಕ್ಸಿನ್ ಬಟ್ಟೆಯನ್ನು ಮುಂದೆ ಹಿಡಿದ. "ಇದು ಅಮ್ಮ ಕೊಟ್ಟಿದ್ದು. ಕೂಸಿಗೆ. ತನಗೆ ಅಂತ ಇಟ್ಕೊಂಡಿದ್ದ ಕಫನ್. ನಿಮ್ಮದನ್ನ ತನಗೆ ಇಟ್ಕೊಂಡ್ಲು."

ಅಜ್ಜ ಬಟ್ಟೆಯನ್ನು ಮೂಗಿಗೆ ಹಿಡಿದು ಕಣ್ಣಿಗೊತ್ತಿಕೊಂಡ. ಬೈಯಲಿ, ಉಗಿಯಲಿ, ಎಲ್ಲರೂ ನೋಡುವಂತೆ ಹೊಡೆಯಲಿ ಎಂದು ಮುಕ್ಸಿನ್ ಬೇಡಿಕೊಳ್ಳುತ್ತಿದ್ದ.

"ನಿಜವಾಗ್ಲೂ ಬದುಕಿದಾರಾ?" ಎಂದು ಅಜ್ಜ ಕೇಳಿದ.

"ಹೂಂ."

"ಅಲ್‌ಹಮ್ದುಲಿಲ್ಲಾ. ರಾತ್ರಿ ಮಸೀದಿಯಲ್ಲಿ ಅವರಿಗೋಸ್ಕರ ಕುರಾನಿನ ಯಾಸೀನ್ ಓದಿದೆ. ಪರವಾಗಿಲ್ಲ, ಬದುಕಿರೋರಿಗೂ ತಟ್ಟುತ್ತೆ." ಗಂಟಿನಲ್ಲಿ ಬಟ್ಟೆಯನ್ನು ಜೋಪಾನವಾಗಿ ಇಟ್ಟುಕೊಂಡು ದೋಣಿಯ ಹಲಗೆಗೆ ಕಾಲಿಟ್ಟವನು ತಿರುಗಿ ನಿಂತ. "ನೋಡು ಮಗಾ. ಒಂದಲ್ಲ ಒಂದು ದಿನ ನೀನು ಇಲ್ಲಿಗೆ ನಿಜವಾಗ್ಲೂ ಓಡಿ ಬರ್ತೀಯ. ಅವತ್ತು ಈ ದೋಣಿಯಲ್ಲಿ ಯಾರೂ ನಿನ್ನ ಮಾತು ನಂಬಲ್ಲ. ನಾನಿದ್ರೆ ಇಳೀತೀನಿ."

"ನೀವ್ಯಾಕೆ ಅಜ್ಜಾ? ನೀವೂ ನಂಬಬೇಡಿ."

"ನಂಬಿಕೆ ಪ್ರಶ್ನೆ ಅಲ್ಲಪ್ಪಾ. ತಾಯಿ ಅಂದ ಮೇಲೆ ಇಳೀಲೇಬೇಕು."

ಅಜ್ಜ ಹೋಗಿ ಅದೇ ನಡುವಿನ ಹಲಗೆಯ ಮೇಲೆ ಕುಳಿತ. ಮುಕ್ಸಿನ್ ಬಂದರಿನ ಕಂಬ ಹಿಡಿದು ನಿಂತ. ಹಿಂದಿನ ದಿನ ಸಮುದ್ರದಿಂದ ಸಾಲ ತಂದಿದ್ದ ಕಣ್ಣೀರು ಈಗ ತಾನಾಗಿ ಇಳಿಯತೊಡಗಿತು. ತಡೆದಷ್ಟೂ ಹೆಚ್ಚಾಯಿತು, ಕೊನೆಗೆ ಬಿಕ್ಕಿ ಬಿಕ್ಕಿ ಅತ್ತ. ಶುಂಠಿ ಕಾಫಿ ಮಾರುವ ಮುದುಕಿ ಕೆಟಲು ಕೆಳಗಿಟ್ಟು ಹತ್ತಿರ ಬಂದಳು.

"ಯಾರಪ್ಪಾ ಹೋದದ್ದು?"

"ಯಾರೂ ಇಲ್ಲ," ಎಂದ ಮುಕ್ಸಿನ್. "ಯಾರೂ ಸತ್ತಿಲ್ಲಮ್ಮ."